ಹೊಲಿಗೆಯೊಳಗಿನ ಹಗ್ಗ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೂ ಒಂದು ಪುಸ್ತಕದ ಮೇಲೆ, ಅದೂ ಸಣ್ಣ ಮಕ್ಕಳ ಪುಸ್ತಕದ ಮೇಲೆ, ಮೈಯೆಲ್ಲ ಉರಿದುಹೋಗುವಂಥ ಸಿಟ್ಟು ಬಂದದ್ದು ಒಂದೇ ಸಲ. ಸಿದ್ದಾಪುರ ತಾಲ್ಲೂಕಿನ ಒಂದು ಕೋಣೆಯ ಶಾಲೆಯಲ್ಲಿ, ಮಕ್ಕಳೆಲ್ಲ ನನ್ನನ್ನೇ ನೋಡುತ್ತಿರುವಾಗ. ನಾನು ಅಲ್ಲಿಗೆ ಯಾಕೆ ಹೋದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಶಿರಸಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ಮಕ್ಕಳು ದೊಡ್ಡವರಾಗಿ ತಮ್ಮ ಪಾಡಿಗೆ ತಾವು ಓದಿಕೊಳ್ಳತೊಡಗಿದ ಮೇಲೆ, ಕೈ ಸ್ವಲ್ಪ ಖಾಲಿಯಾಯಿತೆಂದು ಪಿಎಚ್‌ಡಿಗೆ ಹೆಸರು ಹಚ್ಚಿದೆ. ವಿಷಯ ಕನ್ನಡದ ಚಿತ್ರಪುಸ್ತಕಗಳು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಚಹಾದ ಲೋಟ ಕೆಳಗಿಟ್ಟರು. ಹಳಗನ್ನಡ ಕಾವ್ಯ, ಶಾಸನ, ಜಾನಪದ ಇಷ್ಟೆಲ್ಲ ಬಿದ್ದುಕೊಂಡಿರುವಾಗ ಕಾಗೆ ಗುಬ್ಬಿ ಪುಸ್ತಕ ಹಿಡಿದುಕೊಂಡು ಕೂತರೆ ಡಾಕ್ಟರೇಟ್ ಕೊಡುತ್ತಾರಾ ಎಂದು ಕೇಳಿದರು. ಕೊಡದಿದ್ದರೆ ಇಟ್ಟುಕೊಳ್ಳಲಿ, ಉಪ್ಪು ಹಾಕಿ ನೆಕ್ಕಲಿ ಎಂದೆ. ಬಾಯಲ್ಲಿ ಹಾಗೆ ಅಂದೆನೇ ಹೊರತು ಬೇಕು ಎಂಬ ಆಸೆ ಒಳಗೆ ಬೇಕಾದಷ್ಟಿತ್ತು.

ಚಿತ್ರವಿರುವ ಪುಸ್ತಕವೆಲ್ಲ ಚಿತ್ರಪುಸ್ತಕವಲ್ಲ. ಈ ಮಾತನ್ನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಕಥೆಯ ಪಕ್ಕದಲ್ಲಿ ಅಂದಕ್ಕೊಂದು ಚಿತ್ರ ಹಾಕಿದರೆ ಅದು ಸಚಿತ್ರ ಕಥೆ, ಅಷ್ಟೇ. ಚಿತ್ರಪುಸ್ತಕದಲ್ಲಿ ಮಾತು ಅರ್ಧ ಹೇಳಿ ನಿಲ್ಲಿಸುತ್ತದೆ, ಉಳಿದರ್ಧವನ್ನು ಚಿತ್ರ ಹೇಳುತ್ತದೆ. ಕೆಲವು ಸಲ ಮಾತು ಹೇಳಿದ್ದನ್ನು ಚಿತ್ರ ಅಲ್ಲವೆನ್ನುತ್ತದೆ. 'ರಾಜ ಬಹಳ ಧೈರ್ಯವಂತ' ಎಂದು ಕೆಳಗೆ ಅಚ್ಚಾಗಿರುತ್ತದೆ. ಮೇಲೆ ನೋಡಿದರೆ ರಾಜ ಮಂಚದ ಅಡಿಗೆ ಸೇರಿಕೊಂಡಿರುತ್ತಾನೆ. ಓದಲು ಬಾರದ ಮಗು ಅದನ್ನು ಮೊದಲು ಕಂಡು ನಗುತ್ತದೆ, ಓದಲು ಬರುವ ನಾವು ಆಮೇಲೆ ನಗುತ್ತೇವೆ. ಹಾಳೆ ಮಗುಚುವ ಮೊದಲು ಏನನ್ನು ಮುಚ್ಚಿಡಬೇಕು, ಊರು ಬಿಟ್ಟು ಹೊರಟವರು ಪುಟದ ಬಲಕ್ಕೆ ಯಾಕೆ ನಡೆಯುತ್ತಾರೆ, ಮನೆಗೆ ಮರಳುವವರು ಎಡಕ್ಕೆ ಯಾಕೆ ನಡೆಯುತ್ತಾರೆ ಎಂಬುದಕ್ಕೆಲ್ಲ ಅಲ್ಲಿ ಒಂದು ಕ್ರಮವಿದೆ. ಎದುರುಬದುರು ಎರಡು ಪುಟಗಳಿಗೂ ಸೇರಿ ಒಂದೇ ಚಿತ್ರ ಹಬ್ಬಿದಾಗ ನಡುವಿನ ಮಡಿಕೆಯೂ ಲೆಕ್ಕಕ್ಕೆ ಬರುತ್ತದೆ. ಬರೆದವರು ಆ ಮಡಿಕೆಯಲ್ಲಿ ಏನನ್ನು ಇಟ್ಟರು, ಏನನ್ನು ಬಿಟ್ಟರು ಎಂದು ನಮ್ಮಂಥವರು ನೋಡಲೇಬೇಕು.

ಆ ಮಡಿಕೆಗೆ ಇಂಗ್ಲಿಷಿನ ವಿದ್ವಾಂಸರು ಇಟ್ಟ ಹೆಸರು ಗಟರ್. ಇದನ್ನು ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಗಂಡನಿಗೆ ಹೇಳಿ ಕೆಟ್ಟೆ. ಅಂದರೆ ಗಟಾರದ ಮೇಲೆ ಪಿಎಚ್‌ಡಿ ಅನ್ನು, ನಗರಸಭೆಯವರ ಕಿವಿಗೆ ಬಿದ್ದರೆ ನಿನ್ನನ್ನು ಹೊತ್ತುಕೊಂಡು ಹೋಗುತ್ತಾರೆ ಎಂದು ಅವರು ನಕ್ಕರು. ಅಲ್ಲಿಂದ ಮುಂದೆ ನಾನು ಓದುತ್ತ ಕೂತಾಗೆಲ್ಲ ಗಟಾರ ಎಲ್ಲಿಗೆ ಬಂತು ಎಂದು ಕೇಳುವುದು ಅವರಿಗೆ ಅಭ್ಯಾಸವಾಯಿತು. ನಾನು ಅದನ್ನು ನಡುಮಡಿಕೆ ಎಂದು ಬರೆದುಕೊಂಡೆ. ನನ್ನ ಸಂಶೋಧನೆಯ ಗೈಡು ಒಪ್ಪಿದರು.

ನನ್ನ ಪ್ರಬಂಧಕ್ಕೆಲ್ಲ ಆಧಾರಗಂಬವಾಗಿದ್ದದ್ದು ಒಂದೇ ಒಂದು ಪುಸ್ತಕದ ಒಂದೇ ಒಂದು ನಡುಮಡಿಕೆ. ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಯ ಕಡೆ ನಾನು ಒಂದನೇ ತರಗತಿಯಲ್ಲಿದ್ದಾಗ ಶಾಲೆಗೆ ಪುಸ್ತಕಗಳ ಒಂದು ಕಟ್ಟು ಬಂದಿತ್ತು. ಅದರಲ್ಲೊಂದು ತೆಳ್ಳಗಿನ ಪುಸ್ತಕದಲ್ಲಿ ಒಬ್ಬ ಹುಡುಗಿ, ಒಂದು ಎಮ್ಮೆ. ಹುಡುಗಿ ಬೆಳಿಗ್ಗೆ ಎಮ್ಮೆ ಮೇಯಿಸಲು ಹೋಗುತ್ತಾಳೆ, ಎಮ್ಮೆ ಕಾಣೆಯಾಗುತ್ತದೆ, ಹುಡುಗಿ ಗುಡ್ಡವೆಲ್ಲ ಹುಡುಕುತ್ತಾಳೆ. ಕೊನೆಯ ಎರಡು ಪುಟಗಳಿಗೆ ಸೇರಿ ಒಂದೇ ದೊಡ್ಡ ಚಿತ್ರ. ಎಡ ಪುಟದಲ್ಲಿ ಹುಡುಗಿ ಮನೆಯ ಕಡೆ ನಡೆಯುತ್ತಿದ್ದಾಳೆ, ಅವಳ ಒಂದು ಕೈ ಹಿಂದಕ್ಕೆ ಚಾಚಿದೆ. ಬಲ ಪುಟದಲ್ಲಿ ಎಮ್ಮೆ, ಅದರ ಕುತ್ತಿಗೆಗೆ ಹಗ್ಗ. ಕೆಳಗೆ 'ಹುಡುಗಿ ಎಮ್ಮೆಯನ್ನು ಮನೆಗೆ ಕರೆತಂದಳು' ಎಂಬ ಒಂದು ಸಾಲು.

ಆ ಚಿತ್ರದ ನಡುಮಡಿಕೆಯಲ್ಲಿ ಹುಡುಗಿಯ ಕೈ ಖಾಲಿ ಇತ್ತು. ಹಗ್ಗದ ತುದಿ ಧೂಳಿನಲ್ಲಿ ಬಿದ್ದಿತ್ತು. ಅಂದರೆ ಅವಳು ಕರೆತರಲಿಲ್ಲ, ಎಮ್ಮೆ ತಾನಾಗಿ ಬಂತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಅಷ್ಟು ಹೇಳುತ್ತಿದ್ದೆ. ಮಾತು ಒಂದು ಹೇಳುವಾಗ ಚಿತ್ರ ಇನ್ನೊಂದು ಹೇಳುವ ಈ ಜಾಣತನ ಕನ್ನಡದ ಹಳೆಯ ಪುಸ್ತಕಗಳಲ್ಲೇ ಇತ್ತು, ನಾವು ಯಾರಿಂದಲೂ ಕಡ ತಂದದ್ದಲ್ಲ ಎಂದು ನಾನು ವಾದ ಹೂಡಿದ್ದೆ. ಗೈಡು ಧಾರವಾಡದವರು, ಬಹಳ ಒಳ್ಳೆಯ ಮನುಷ್ಯ, ಆದರೆ ಆಧಾರದ ವಿಷಯಕ್ಕೆ ಬಂದರೆ ಕಲ್ಲು. ಒಂದನೇ ತರಗತಿಯ ನೆನಪನ್ನು ಅಡಿಟಿಪ್ಪಣಿಯಲ್ಲಿ ಹಾಕಲು ಬರುವುದಿಲ್ಲ, ಪುಸ್ತಕ ತಂದು ತೋರಿಸಿ ಎಂದರು. ಪುಸ್ತಕ ಸಿಗದಿದ್ದರೆ ಅಧ್ಯಾಯ ಹೋಗುತ್ತದೆ, ಅಧ್ಯಾಯ ಹೋದರೆ ಉಳಿದದ್ದರಲ್ಲಿ ಹುರುಳಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ವಿಶ್ವವಿದ್ಯಾಲಯ ಕೊಟ್ಟ ಗಡುವನ್ನು ಒಮ್ಮೆ ಮುಂದೂಡಿಸಿಕೊಂಡೂ ಆಗಿತ್ತು.

ಹುಡುಕದ ಜಾಗವಿಲ್ಲ. ಉಮ್ಮಚಗಿಯ ಕಡೆಯ ನನ್ನ ಹಳೆಯ ಶಾಲೆಯಲ್ಲಿ ಆ ಕಪಾಟೇ ಇರಲಿಲ್ಲ. ಯಲ್ಲಾಪುರದಲ್ಲಿ, ಶಿರಸಿಯಲ್ಲಿ ಗ್ರಂಥಾಲಯದವರು ನನ್ನನ್ನು ಕಂಡರೆ ಮೊದಲೇ ಗೋಣು ಅಲ್ಲಾಡಿಸುವಷ್ಟು ಬಾರಿ ಹೋಗಿ ಬಂದೆ. ಬನವಾಸಿಯಲ್ಲೊಬ್ಬ ನಿವೃತ್ತ ಮಾಸ್ತರರ ಹತ್ತಿರ ಹಳೆಯ ಪುಸ್ತಕಗಳಿವೆ ಎಂದು ಕೇಳಿ ಹೋದೆ. ಅವರು ಬರ್ರಿ ಕೂಡ್ರಿ ಎಂದು ಕೂರಿಸಿ, ಇದ್ದದ್ದನ್ನೆಲ್ಲ ಗೆದ್ದಲು ತಿಂದಿತೆಂದು ಹೇಳಿ, ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಎರಡು ಅನಾನಸು ಕೊಟ್ಟರು. ಅನಾನಸು ಬಹಳ ಸಿಹಿಯಾಗಿತ್ತು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನನಗೆ ಅಳು ಬಂತು.

ಕೊನೆಗೆ ಪುಸ್ತಕ ಸಿಕ್ಕಿದ್ದು ನನ್ನದೇ ತರಗತಿಯಲ್ಲಿ. ಒಂದು ದಿನ ಪಾಠದ ನಡುವೆ ಏನೋ ಮಾತಿಗೆ ಈ ಎಮ್ಮೆಯ ಕಥೆ ಹೇಳಿದೆ. ಸಿದ್ದಾಪುರದ ಕಡೆಯಿಂದ ಬರುವ ಒಬ್ಬಳು ಹುಡುಗಿ ಪಾಠ ಮುಗಿದ ಮೇಲೆ ಹತ್ತಿರ ಬಂದು, ತಾನು ಕಲಿತ ಶಾಲೆಯಲ್ಲಿ ಅಕ್ಕೋರು ಪ್ರತಿ ಶನಿವಾರ ಓದುವ ಪುಸ್ತಕದಲ್ಲಿ ಆ ಎಮ್ಮೆ ಬರುತ್ತದೆ ಎಂದಳು. ಹಗ್ಗ ಬರುತ್ತದಾ ಎಂದು ಕೇಳಿದೆ. ಹಗ್ಗದ ಸುದ್ದಿ ಎತ್ತಬೇಡಿ ಮೇಡಂ, ಅದರ ಮೇಲೆ ದೊಡ್ಡ ಜಗಳವೇ ಇದೆ ಎಂದು ನಕ್ಕಳು. ಅವಳು ಯಾಕೆ ನಕ್ಕಳೆಂದು ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ, ಹಿಗ್ಗಿ ಹೀರೇಕಾಯಿಯಾಗಿದ್ದೆ.

ಆ ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಡಿಸೆಂಬರಿನ ಚಳಿ. ಶಾಲೆ ರಸ್ತೆಯಿಂದ ಸ್ವಲ್ಪ ಮೇಲೆ, ಒಂದರಿಂದ ಐದರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಮುಖ್ಯ ಶಿಕ್ಷಕಿ, ಅಂದರೆ ಅಕ್ಕೋರು, ಹಾವೇರಿಯ ಕಡೆಯವರು. ಕೆಲಸಕ್ಕೆ ಸೇರಿದಾಗ ಇಲ್ಲಿಗೆ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಮಾತು ಮಾತ್ರ ಇನ್ನೂ ಹಾವೇರಿಯದೇ. ನಾನು ಬಂದ ಕೆಲಸ ಹೇಳಿದೆ. ಅವರು ಸಂತೋಷದಿಂದ ಕಪಾಟಿನ ಬೀಗ ತೆಗೆದು, ಎರಡೂ ಕೈಯಲ್ಲಿ ಒಂದು ಪುಸ್ತಕ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು. ಇಟ್ಟಿಗೆಯ ಹಾಗಿತ್ತು.

ಕಂದು ಬಣ್ಣದ ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ, ಮೇಲೆ ಶಾಲೆಯ ಹೆಸರು. ತೆರೆದು ನೋಡಿದೆ. ಒಂದಾದ ಮೇಲೊಂದು ಚಿತ್ರಪುಸ್ತಕಗಳನ್ನು ಪೇರಿಸಿ, ಅವುಗಳ ಹೊದಿಕೆ ಹರಿದು ತೆಗೆದು, ಅಂಚುಗಳನ್ನು ಸಮ ಮಾಡಿ ಕತ್ತರಿಸಿ, ಎಲ್ಲವನ್ನೂ ಸೇರಿಸಿ ಪಕ್ಕದಿಂದ ದಪ್ಪ ದಾರದಲ್ಲಿ ಹೊಲಿದಿದ್ದರು. ಯಾವ ಕಥೆ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂಬ ಗುರುತಿಲ್ಲ. ಹೆಸರಿಲ್ಲ, ಬರೆದವರಿಲ್ಲ, ಅಚ್ಚು ಹಾಕಿದವರಿಲ್ಲ. ಚಿತ್ರಪುಸ್ತಕದಲ್ಲಿ ಹೊದಿಕೆಯಿಂದ ಹಿಡಿದು ಒಳರಟ್ಟಿನ ಬಣ್ಣದವರೆಗೆ ಎಲ್ಲವೂ ಕಥೆಯೇ ಎಂದು ಮೊದಲ ಅಧ್ಯಾಯದಲ್ಲೇ ಉದ್ದುದ್ದ ಬರೆದವಳು ನಾನು. ಸಿಟ್ಟು ನೆತ್ತಿಗೇರಿತು. ಇದು ಬೈಂಡಿಂಗೋ ಕಸಾಯಿಖಾನೆಯೋ, ಮಾಡಿದವರಿಗೆ ಸ್ವಲ್ಪವಾದರೂ ಬುದ್ಧಿ ಬೇಡವೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು.

ಅಕ್ಕೋರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಉಸಿರು ತಿರುಗುವವರೆಗೆ ಕಾದು, ಹೊಲಿಸಿದವಳು ತಾನೇ ಎಂದರು.

"ಸಣ್ಣ ಪುಸ್ತಕಕ್ಕ ಕಾಲು ಬರ್ತಾವ್ರಿ ಮೇಡಂ. ದಪ್ಪ ಪುಸ್ತಕ ಕುಂತಲ್ಲೇ ಕುಂದರ್ತೈತಿ."

ಅವರು ಬಂದ ಹೊಸತರಲ್ಲಿ ತೆಳ್ಳಗಿನ ಪುಸ್ತಕಗಳು ಮಳೆಗಾಲದ ತಂಡಿಗೆ ಸುರುಳಿ ಸುತ್ತಿಕೊಂಡು ಬೂಸಲು ಹಿಡಿಯುತ್ತಿದ್ದವಂತೆ. ಉಳಿದವು ಒಂದೊಂದಾಗಿ ಚೀಲ ಸೇರಿ ಮಾಯವಾಗುತ್ತಿದ್ದವಂತೆ. ಇನ್ನು ಏನೂ ಉಳಿಯುವುದಿಲ್ಲ ಎಂದು ಹೆದರಿ, ಇದ್ದದ್ದನ್ನೆಲ್ಲ ಒಟ್ಟುಮಾಡಿ ಶಿರಸಿಗೆ ಒಯ್ದು, ಬೈಂಡಿಂಗ್ ಅಂಗಡಿಯಲ್ಲಿ ಗಟ್ಟಿಯಾಗಿ ಹೊಲಿಸಿಕೊಂಡು ಬಂದಿದ್ದರು. ಊರಿನವರಿಗೂ ಆಮೇಲೆಯೇ ಅದು ಪುಸ್ತಕ ಅನ್ನಿಸಿತಂತೆ. ಅಲ್ಲಿಯವರೆಗೆ ಅವರ ಕಣ್ಣಿಗೆ ಅವು ಪಟಾಕಿ ಅಂಗಡಿಯ ಜಾಹೀರಾತಿನ ಹಾಗಿದ್ದವು. ತಾಲ್ಲೂಕಿನ ಬೇರೆ ಯಾವ ಶಾಲೆಯಲ್ಲೂ ಉಳಿಯದ ಎಮ್ಮೆ ಇಲ್ಲಿ ಉಳಿದದ್ದು ಆ ಹೊಲಿಗೆಯಿಂದಲೇ ಎಂಬುದು ಸಿಟ್ಟಿನಲ್ಲಿದ್ದ ನನಗೂ ಹೊಳೆಯಿತು.

ಅಷ್ಟರಲ್ಲಿ ಓದುವ ಹೊತ್ತಾಗಿತ್ತು. ಜೂನಿನಲ್ಲಿ ಮೊದಲ ಪುಟದಿಂದ ಶುರುಮಾಡಿ, ಪ್ರತಿ ಶನಿವಾರ ಸ್ವಲ್ಪ ಸ್ವಲ್ಪ ಓದಿ, ಬೇಸಿಗೆ ರಜೆಯ ಮೊದಲು ಕೊನೆಯ ಪುಟಕ್ಕೆ ಬರುವುದು ಅಲ್ಲಿಯ ಪದ್ಧತಿ. ಆ ದಿನ ರೈಲಿನ ಪಾಲು. ರೈಲೊಂದು ಬೆಟ್ಟ ಹತ್ತಿ ಹೋಗಿ ಕೊನೆಯ ಪುಟದಲ್ಲಿ ಮಾಯವಾಗುತ್ತದೆ. ಹಾಳೆ ಮಗುಚಿದರೆ ಒಬ್ಬ ಅಜ್ಜಿ ಹಪ್ಪಳ ಒಣಗಿಸುತ್ತಿದ್ದಾಳೆ. ಅದು ಬೇರೆಯದೇ ಪುಸ್ತಕ ಎಂದು ನನಗೆ ಗೊತ್ತು. ಮಕ್ಕಳಿಗೆ ಅದೇ ಕಥೆ. ರೈಲು ಎಲ್ಲಿಗೆ ಹೋಯಿತು ಎಂದು ಅಕ್ಕೋರು ಕೇಳಿದರು. ಶಿರಸಿಗೆ ಬರಲು ಹೊರಟಿತ್ತು, ಇಲ್ಲಿ ಹಳಿ ಇಲ್ಲದ್ದು ನೋಡಿ ತಿರುಗಿ ಹೋಯಿತು ಎಂದು ಒಬ್ಬ ಹೇಳಿದ. ಅಜ್ಜಿಯನ್ನು ಇಳಿಸಿ ಹೋಯಿತು ಎಂದು ಇನ್ನೊಬ್ಬಳು ಹೇಳಿದಳು. ಬೆಟ್ಟದ ಮೇಲೆ ಇಳಿದ ಅಜ್ಜಿ ಬಿಸಿಲು ಚೆನ್ನಾಗಿದೆಯೆಂದು ಹಪ್ಪಳ ಹಾಕಿದಳು. ಆ ಹಪ್ಪಳಕ್ಕೆ ಮುಂದಿನ ಪುಸ್ತಕದ ಕಾಗೆ ಬಂತು, ಕಾಗೆ ಕದ್ದ ದಾರದಿಂದ ಅದರ ಮುಂದಿನ ಪುಸ್ತಕದ ದರ್ಜಿ ಅಂಗಿ ಹೊಲಿದ. ಹೀಗೆ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂತಿತ್ತು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ, ಆದರೂ ನಗು ಬಂತು. ಎಷ್ಟೋ ತಿಂಗಳ ಮೇಲೆ ಚಿತ್ರಪುಸ್ತಕ ನೋಡಿ ನಕ್ಕಿದ್ದೆ.

ಓದು ಮುಗಿದ ಮೇಲೆ ನಾನು ಎಮ್ಮೆಯ ಪುಟಗಳನ್ನು ನೋಡಬೇಕೆಂದೆ. ಅದು ದಪ್ಪ ಪುಸ್ತಕದ ಕಟ್ಟಕಡೆಯ ಕಥೆ. ಅಕ್ಕೋರು ಒಂದನೇತ್ತಿಯವರು ಹೊರಗೆ ಹೋಗಿ ಆಡಿಕೊಳ್ಳಿ ಎಂದರು. ಒಂದನೇತ್ತಿ ಅಂದರೆ ಒಂದನೇ ಇಯತ್ತೆ, ಒಂದನೇ ತರಗತಿಗೆ ನಮ್ಮ ಕಡೆ ಇನ್ನೂ ಉಳಿದಿರುವ ಹಳೆಯ ಹೆಸರು. ಈ ವರ್ಷ ಸೇರಿದ ಆ ಚಿಕ್ಕವರು ಕೊನೆಯ ಕಥೆಯನ್ನು ಅದರ ಶನಿವಾರ ಬರುವ ಮೊದಲು ನೋಡುವ ಹಾಗಿಲ್ಲ. ನಾಲ್ಕಾರು ಪುಟ್ಟ ಮಕ್ಕಳು ಒಂದು ಮಾತೂ ಆಡದೆ ಎದ್ದು ಅಂಗಳಕ್ಕೆ ಹೋದರು. ಉಳಿದ ದೊಡ್ಡ ಮಕ್ಕಳು ಮೇಜಿನ ಸುತ್ತ ಬಂದು ನಿಂತರು.

ಪುಟಗಳನ್ನು ಒಂದೊಂದಾಗಿ ಮಗುಚಿದೆ. ಅದೇ ಗುಡ್ಡ, ಅದೇ ಹುಡುಗಿಯ ಹಸಿರು ಲಂಗ. ಕೊನೆಗೆ ಆ ದೊಡ್ಡ ಚಿತ್ರ ಬಂತು. ಎಡಕ್ಕೆ ಹುಡುಗಿ, ಹಿಂದಕ್ಕೆ ಚಾಚಿದ ತೋಳು. ಬಲಕ್ಕೆ ಎಮ್ಮೆ, ಕುತ್ತಿಗೆಯ ಹಗ್ಗ. ತೋಳು ಮಣಿಕಟ್ಟಿನವರೆಗೆ ಬಂದು ಹೊಲಿಗೆಯೊಳಗೆ ಹೋಗಿತ್ತು. ಹಗ್ಗವೂ ಆ ಕಡೆಯಿಂದ ಬಂದು ಹೊಲಿಗೆಯೊಳಗೆ ಹೋಗಿತ್ತು. ಅಂಗೈ, ಹಗ್ಗದ ತುದಿ, ನನ್ನ ಅಧ್ಯಾಯ ಎಲ್ಲವನ್ನೂ ಆ ದಪ್ಪ ದಾರ ನುಂಗಿಕೊಂಡಿತ್ತು.

ಮಾಡಬಾರದ್ದನ್ನೆಲ್ಲ ಮಾಡಿದೆ. ಪುಸ್ತಕವನ್ನು ಮೊಣಕಾಲಿನ ಮೇಲೆ ಒತ್ತಿ ಬಗ್ಗಿಸಿದೆ. ಮೊಬೈಲಿನ ಬೆಳಕು ಬಿಟ್ಟು ಒಂದು ಕಣ್ಣು ಮುಚ್ಚಿ ಸಂದಿನಲ್ಲಿ ಇಣುಕಿದೆ. ಮಕ್ಕಳಿಗೆ ಇದೆಲ್ಲ ಹಳೆಯ ವಿದ್ಯೆ; ಹಾಗೆ ಹಿಡಿದರೆ ಕಾಣುವುದಿಲ್ಲ, ಹೀಗೆ ಹಿಡಿದರೂ ಕಾಣುವುದಿಲ್ಲ ಎಂದು ಹೇಳಿಕೊಟ್ಟರು. ಆಮೇಲೆ ಅವರ ಜಗಳ ಶುರುವಾಯಿತು. ಹಗ್ಗ ಹುಡುಗಿಯ ಕೈಯಲ್ಲೇ ಇದೆ ಎಂದು ಒಂದು ಪಕ್ಷ. ಎಮ್ಮೆ ಹಗ್ಗ ಹರಿದುಕೊಂಡಿದೆ, ತಾನಾಗಿ ಬರುತ್ತಿದೆ ಎಂದು ಇನ್ನೊಂದು ಪಕ್ಷ. ಹೊಲಿಗೆಯೊಳಗೆ ಹಪ್ಪಳದ ಅಜ್ಜಿ ನಿಂತಿದ್ದಾಳೆ, ಹಗ್ಗ ಹಿಡಿದವಳು ಅವಳು ಎಂದು ಮೂರನೆಯ ಪಕ್ಷ. ಒಬ್ಬೊಬ್ಬರೂ ಪುರಾವೆ ಕೊಟ್ಟರು. ಹುಡುಗಿಯ ಭುಜ ನೋಡಿ, ಬರಿಗೈಯವರ ಭುಜ ಹಾಗಿರುವುದಿಲ್ಲ. ಎಮ್ಮೆಯ ಕಿವಿ ನೋಡಿ, ಎಳೆಸಿಕೊಳ್ಳುವ ಎಮ್ಮೆಯ ಕಿವಿ ಹಾಗಿರುವುದಿಲ್ಲ. ಹೊಲಿಗೆಯ ಅಂಚಿನ ನೆರಳು ನೋಡಿ, ಅದು ಅಜ್ಜಿಯದೇ. ನಾನೂ ಎರಡನೆಯ ಪಕ್ಷದವಳಾಗಿ ನಾಲ್ಕು ಮಾತು ಸೇರಿಸಿದೆ. ಆದರೆ ನನ್ನ ಕಣ್ಣೆಲ್ಲ ಆ ದಾರದ ಮೇಲೆಯೇ ಇತ್ತು.

ಕೊನೆಗೆ ಅಕ್ಕೋರನ್ನು ಪಕ್ಕಕ್ಕೆ ಕರೆದು ಕೇಳಿದೆ. ಪುಸ್ತಕ ಒಯ್ದು ಶಿರಸಿಯಲ್ಲಿ ಹೊಲಿಗೆ ಬಿಚ್ಚಿಸಿ, ಆ ಒಂದು ಚಿತ್ರ ನೋಡಿಕೊಂಡು, ಮತ್ತೆ ಇದಕ್ಕಿಂತ ಚಂದ ಮಾಡಿ ಹೊಲಿಸಿ ತಂದುಕೊಡುತ್ತೇನೆ. ಇಲ್ಲದಿದ್ದರೆ ಇಷ್ಟು ವರ್ಷ ಮಾಡಿದ್ದೆಲ್ಲ ನೀರುಪಾಲು ಎಂದೆ. ಅದು ಪೂರಾ ನಿಜವಾಗಿತ್ತು. ಅವರಿಗೆ ನನ್ನ ಮುಖ ನೋಡಿ ಕನಿಕರವಾಯಿತು. ತಮ್ಮ ಕಡೆಯಿಂದ ಅಡ್ಡಿಯಿಲ್ಲ, ಆದರೆ ಮಕ್ಕಳನ್ನು ಒಂದು ಮಾತು ಕೇಳೋಣ ಎಂದರು. ಎಲ್ಲರನ್ನೂ ಕೂರಿಸಿ, ಮೇಡಂ ಹೊಲಿಗೆ ಬಿಚ್ಚಿ ಒಳಗೆ ಏನಿದೆ ಎಂದು ನೋಡುತ್ತಾರಂತೆ, ಹಗ್ಗದ ವಿಷಯ ಖಚಿತವಾಗುತ್ತದಂತೆ, ಆಗಬಹುದಾ ಎಂದು ಕೇಳಿದರು.

ಮೊದಲು ಎಲ್ಲರೂ ಕೈ ಎತ್ತಿ ಆಗಬಹುದು ಎಂದು ಕೂಗಿದರು. ನನಗೆ ಜೀವ ಬಂದ ಹಾಗಾಯಿತು. ತಮ್ಮದೇ ನಿಜ ಎಂದು ಮೂರೂ ಪಕ್ಷದವರಿಗೂ ಗೊತ್ತಿತ್ತಲ್ಲ. ಐದನೇತ್ತಿಯ ಒಬ್ಬಳು ಹುಡುಗಿ ಮಾತ್ರ ಕೈ ಎತ್ತದೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎರಡು ಜಡೆ, ಸಣ್ಣ ಮುಖ, ಅಜ್ಜಿಯ ಪಕ್ಷದವಳು, ಸ್ವಲ್ಪ ಹೊತ್ತಿನ ಮೊದಲು ಎಲ್ಲರಿಗಿಂತ ಜೋರಾಗಿ ವಾದಿಸಿದ್ದವಳು. ಅಂಗಳದಲ್ಲಿ ಚಿಕ್ಕವರು ಕುಂಟಾಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ನೀನು ಏನು ಹೇಳುತ್ತೀ ಎಂದು ಅಕ್ಕೋರು ಕೇಳಿದರು.

"ಒಂದನೇತ್ತಿಯವ್ರು ಇನ್ನೂ ಇದ್ರ ಜಗಳ ಆಡೇ ಇಲ್ಲ, ಅಕ್ಕೋರೆ," ಎಂದಳು.

ಎತ್ತಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು. ಹೌದಲ್ಲ ಎಂದು ಒಬ್ಬ ಗೊಣಗಿದ. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ಸಂಶೋಧನೆ, ಆಧಾರ, ಕನ್ನಡ ಚಿತ್ರಪುಸ್ತಕದ ಚರಿತ್ರೆ ಎಂದೆಲ್ಲ ಹೇಳಲು ನನಗೆ ಚೆನ್ನಾಗಿ ಬರುತ್ತದೆ, ಅದೇ ನನ್ನ ಕಸುಬು. ಕಿಟಕಿಯಿಂದ ನೋಡಿದರೆ ಒಂದು ಚಿಕ್ಕ ಹುಡುಗಿ ಒಂಟಿ ಕಾಲಿನಲ್ಲಿ ನಿಂತು, ನಾವು ಕರೆಯುತ್ತೇವೇನೋ ಎಂದು ಬಾಗಿಲನ್ನೇ ನೋಡುತ್ತಿದ್ದಳು. ಬೇಡ ಬಿಡಿ ಎಂದೆ. ಮೊಬೈಲಿನಲ್ಲಿ ಆ ಪುಟಗಳ ಫೋಟೋ ಮಾತ್ರ ತೆಗೆದುಕೊಂಡು, ಅಕ್ಕೋರು ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಹೇಳಲಾಗದು. ದೊಡ್ಡ ತ್ಯಾಗಮಯಿಯ ಹಾಗೆ ಎದ್ದು ಬಂದಿದ್ದೆ, ಈಗ ಗೈಡಿಗೆ ಏನು ಹೇಳಲಿ? ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಗಂಡ ಗಟಾರದ ಸುದ್ದಿ ಎತ್ತದೆ ತಾವೇ ಅನ್ನಕ್ಕಿಟ್ಟರು. ಗೈಡಿಗೆ ಫೋನು ಮಾಡಿದಾಗ ಅವರು ಎಲ್ಲವನ್ನೂ ಕೇಳಿ, "ಹೊಲಿಗಿ ಬಿಚ್ಚಿ ನೋಡಾಕ ಏನಾಗಿತ್ತ್ರಿ ನಿಮಗ?" ಎಂದರು. ಯಾರಿಗೂ ಹೇಳದೆ ನೀವೊಬ್ಬರೇ ನೋಡಿಕೊಂಡು ಬರಬಹುದಿತ್ತು ಎಂದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಸರ್, ನೋಡಿದ್ದರೆ ಶಾಲೆಯ ಮೆಟ್ಟಿಲು ಇಳಿಯುವುದರೊಳಗೆ ಹೇಳಿಬಿಡುತ್ತಿದ್ದೆ ಎಂದೆ. ಅವರು ನಗಲಿಲ್ಲ.

ಮಾರನೆಯ ದಿನದಿಂದ ಆ ಅಧ್ಯಾಯವನ್ನು ಮೊದಲಿನಿಂದ ಬರೆಯತೊಡಗಿದೆ. ನಡುಮಡಿಕೆಯಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ ಎಂಬುದೇ ಮೊದಲ ವಾಕ್ಯ. ಹೊದಿಕೆ ಕಳೆದುಕೊಂಡು ಒಟ್ಟಾಗಿ ಹೊಲಿಸಿಕೊಂಡ ಪುಸ್ತಕಗಳು ಹೇಗೆ ಒಂದೇ ಕಥೆಯಾದವು, ಕಾಣದ ಅಂಗೈಯ ಬಗ್ಗೆ ಮೂರು ಪಕ್ಷಗಳು ಭುಜ, ಕಿವಿ, ನೆರಳು ಇವನ್ನೆಲ್ಲ ಎಷ್ಟು ಸೂಕ್ಷ್ಮವಾಗಿ ನೋಡಿ ವಾದ ಕಟ್ಟಿದವು ಎಂದು ಬರೆದೆ. ಹಾಗೆ ನೋಡಿದರೆ ನಮ್ಮ ಶಾಸ್ತ್ರದವರು ಮಾಡುವುದೂ ಅದನ್ನೇ. ಮಕ್ಕಳಿಗೆ ಅದನ್ನು ಕಲಿಸಿದ್ದು ಒಂದು ಕೆಟ್ಟ ಬೈಂಡಿಂಗು. ನನ್ನ ನೆನಪನ್ನು ಎಲ್ಲಿಯೂ ಆಧಾರವಾಗಿ ಹಾಕಲಿಲ್ಲ. ಬರೆಯುತ್ತ ಬರೆಯುತ್ತ ಮನಸ್ಸು ಹಗುರಾಯಿತು. ಫೋಟೋಗಳನ್ನೂ ಜೊತೆಗಿಟ್ಟು ಗೈಡಿಗೆ ಕಳಿಸಿದೆ.

ಗೈಡಿನಿಂದ ಬಹಳ ದಿನ ಉತ್ತರವಿಲ್ಲ. ಇನ್ನು ಇದರ ಆಸೆ ಬಿಟ್ಟೆ ಎಂದುಕೊಂಡಾಗ ಒಂದು ಭಾನುವಾರ ಬೆಳಿಗ್ಗೆ ಅವರೇ ಫೋನು ಮಾಡಿದರು. ಅಧ್ಯಾಯ ಹೇಗಿದೆ ಎಂದು ಹೇಳಲಿಲ್ಲ. ಆ ಫೋಟೋ ದೊಡ್ಡದು ಮಾಡಿ ನೋಡಿದೆ, ಹಗ್ಗ ಹುಡುಗಿಯ ಕೈಯಲ್ಲೇ ಇದೆ, ತೋಳಿನ ನರ ನೋಡಿ ಎಂದರು. ಇಲ್ಲ ಸರ್, ಎಮ್ಮೆಯ ಕಿವಿ ನೋಡಿ ಎಂದೆ. ಅವರ ಹೆಂಡತಿ ಹಿಂದಿನಿಂದ ಏನೋ ಹೇಳಿದ್ದು ಕೇಳಿಸಿತು. 'ಇಲ್ಲೊಬ್ರು ಅಜ್ಜಿ ಪಕ್ಷದವ್ರು ಅದಾರ ನೋಡ್ರಿ' ಎಂದು ಅವರು ಮೊದಲ ಬಾರಿ ಮನಸಾರೆ ನಕ್ಕರು. ನಕ್ಕು ಮುಗಿದ ಮೇಲೆ, ಅಧ್ಯಾಯ ಇರಲಿ, ಪ್ರಬಂಧ ಸಲ್ಲಿಸಿಬಿಡಿ ಎಂದರು. ನಾನು ಫೋನು ಇಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡೆ.

ಮಾರ್ಚಿನಲ್ಲಿ ಎಮ್ಮೆಯ ಶನಿವಾರ ಬಂತು. ಅಕ್ಕೋರು ಫೋನು ಮಾಡಿ ಕರೆದಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆ. ಆ ದಿನ ಒಂದನೇತ್ತಿಯವರಿಗೆ ಮೇಜಿನ ಹತ್ತಿರದ ಜಾಗ, ದೊಡ್ಡವರು ಹಿಂದೆ. ಅಕ್ಕೋರು ನಿಧಾನವಾಗಿ ಓದಿದರು. ಕೊನೆಯ ಪುಟ ಬಂದಾಗ ಐದನೇತ್ತಿಯ ಆ ಎರಡು ಜಡೆಯವಳು ತುಟಿ ಬಿಗಿಹಿಡಿದು, ಯಾರೂ ಮುಂಚೆ ಬಾಯಿ ಬಿಡಬಾರದೆಂದು ಉಳಿದವರಿಗೆ ಕಣ್ಣು ಬಿಡುತ್ತಿದ್ದಳು. ಚಿಕ್ಕವರು ಚಿತ್ರ ನೋಡಿದರು. ಒಬ್ಬ ಬೆರಳಿನಿಂದ ಹೊಲಿಗೆ ತಡವಿ, ಕೈ ಎಲ್ಲಿ ಹೋಯಿತು ಎಂದು ಕೇಳಿದ. ಅಷ್ಟೇ ಸಾಕಾಯಿತು. ಹಗ್ಗ ಹಿಡಿದಿದ್ದಾಳೆ, ಹಿಡಿದಿಲ್ಲ, ಹಾವಿದೆ, ಹಾವಿಲ್ಲ ಎಂದು ಅವರ ಗಲಾಟೆ ಶಾಲೆಯ ಮಾಡನ್ನೇ ಹಾರಿಸುವಷ್ಟಾಯಿತು. ಹಾವಿನ ಪಕ್ಷ ಹೊಸತು, ದೊಡ್ಡವರಿಗೂ ಅದು ಹೊಳೆದಿರಲಿಲ್ಲ. ನನಗೆ ಆದ ಸಂತೋಷ ಇಷ್ಟೇ ಅಷ್ಟೇ ಎಂದು ಹೇಳಲಾರೆ.

ಗಲಾಟೆಯ ನಡುವೆ ದೊಡ್ಡವರಲ್ಲಿ ಒಬ್ಬ, ಈ ಮೇಡಂ ಸಣ್ಣವರಿದ್ದಾಗ ಹೊಲಿಗೆ ಇಲ್ಲದ ಪುಸ್ತಕ ನೋಡಿದ್ದಾರಂತೆ ಎಂದುಬಿಟ್ಟ. ಅಕ್ಕೋರು ಹೇಳಿರಬೇಕು. ಎಲ್ಲರೂ ಒಮ್ಮೆಲೇ ನನ್ನ ಕಡೆ ತಿರುಗಿದರು. ಡಿಸೆಂಬರಿನಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದ ಆ ಚಿಕ್ಕ ಹುಡುಗಿ ನನ್ನ ಸೀರೆಯ ಸೆರಗು ಹಿಡಿದು, ಹೊಲಿಗೆಯೊಳಗೆ ಎಂತ ಇತ್ತು ಎಂದು ಕೇಳಿದಳು. ಎರಡು ಜಡೆಯವಳು ನನ್ನನ್ನೇ ನೋಡಿದಳು.

ಖಾಲಿ ಅಂಗೈ, ಧೂಳಿನಲ್ಲಿ ಬಿದ್ದ ಹಗ್ಗದ ತುದಿ. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

"ಮರ್ತೇ ಹೋತು ಕೂಸೆ," ಎಂದೆ.

ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಈಗ ನನಗೂ ಖಾತ್ರಿಯಿಲ್ಲ. ಆ ಮಾತು ಆಡಿದ ಮೇಲೆ ಎಷ್ಟು ಕಣ್ಣು ಮುಚ್ಚಿ ನೆನೆದರೂ ಆ ಚಿತ್ರದಲ್ಲಿ ನನಗೆ ಕಾಣುವುದು ದಪ್ಪ ದಾರ, ಅದರ ಮೇಲೆ ಓಡಾಡುವ ಪುಟ್ಟ ಬೆರಳುಗಳು. ಸೆರಗು ಹಿಡಿದ ಹುಡುಗಿ ನನ್ನ ಮುಖ ನೋಡಿದಳು. ಇಷ್ಟು ದೊಡ್ಡವಳಾಗಿ ಇಷ್ಟೂ ಗೊತ್ತಿಲ್ಲವಲ್ಲ ಎಂದು ಅವಳಿಗೆ ಪಾಪ ಅನ್ನಿಸಿರಬೇಕು. ಪಕ್ಕದವನನ್ನು ಮೊಣಕೈಯಿಂದ ಆಚೆ ತಳ್ಳಿ, ಚಾಪೆಯ ಮೇಲೆ ನನ್ನಷ್ಟು ದೊಡ್ಡವಳಿಗೆ ಸಾಲದ ಒಂದು ತುಂಡು ಜಾಗ ಮಾಡಿಕೊಟ್ಟಳು.

"ಹಂಗಾರೆ ಬಾ, ಇಲ್ಲಿ ಕೂತ್ಕ," ಎಂದಳು. "ನೋಡನ."